ಮೂರು ತೂತಿನ ಬಿಲ್ಲೆ

ಹೋದ ತಿಂಗಳು ಹಳೆಯ ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕುವಾಗ ತಳದಲ್ಲಿ ನನ್ನ ಮದುವೆಯ ಕಾಲದ ಕುಂಕುಮದ ಭರಣಿ ಸಿಕ್ಕಿತು. ಹಿತ್ತಾಳೆಯದು, ಒಳಗೆ ಎರಡು ಅರೆ. ಒಂದು ಕುಂಕುಮಕ್ಕೆ, ಇನ್ನೊಂದು ಕುಂಕುಮ ಉದುರದಂತೆ ಮೊದಲು ಹಣೆಗೆ ಹಚ್ಚಿಕೊಳ್ಳುವ ಜೇನುಮೇಣಕ್ಕೆ. ಕುಂಕುಮದ ಅರೆ ಬರಿದಾಗಿತ್ತು. ಮೇಣ ಮಾತ್ರ ಒಣಗಿ ಕರ್ರಗಾಗಿ ತಳ ಕಚ್ಚಿತ್ತು. ಹೆಬ್ಬೆರಳಿನಿಂದ ತಿಕ್ಕಿದೆ. ಬೆರಳ ಬಿಸಿಗೆ ವಾಸನೆ ಎದ್ದಿತು... ಐವತ್ತು ವರ್ಷಗಳ ಹಿಂದಿನ ಒಂದು ಗೋಡೆಯ ವಾಸನೆ ಅದು.

ಮೇಣದೊಳಗೆ ಉಗುರಿಗೆ ಏನೋ ತಾಗಿತು. ಅದು ಅಲ್ಲಿರುತ್ತದೆ ಎಂದು ನನಗೆ ಗೊತ್ತಿತ್ತು. ಕೆರೆದು ತೆಗೆದೆ. ತೊಗರಿಬೇಳೆಯಷ್ಟು ಗಾತ್ರದ, ಸಾಗವಾನಿ ಕಟ್ಟಿಗೆಯ ಬಿಲ್ಲೆ. ಅದರಲ್ಲಿ ಸೂಜಿ ಮಾತ್ರ ತೂರುವಂಥ ಮೂರು ತೂತು. ಮಗಳು ಬಂದು ಅದೇನು ಎಂದು ಕೇಳಿದಳು. ಹಳೆಯ ಗುಂಡಿ ಎಂದೆ. ಅವಳು ಹುಟ್ಟಿದ ದಿನದ ವಿಷಯದಲ್ಲಿ ಅವಳಿಗೆ ನಾನು ಸುಳ್ಳು ಹೇಳಿದ್ದು ಇದೇ ಮೊದಲಲ್ಲ.

ಮೊದಲೇ ಹೇಳಿಬಿಡುತ್ತೇನೆ, ಅನುಮಾನ ನನ್ನ ಹುಟ್ಟುಗುಣ. ಹಾಲಿನವಳ ಚರಿಗೆಯಲ್ಲಿ ಬೆರಳದ್ದಿ ನೋಡದೆ ಹಾಲು ಹಾಕಿಸಿಕೊಂಡವಳಲ್ಲ. ಯಾರಾದರೂ ಸುಮ್ಮಸುಮ್ಮನೆ ಹೊಗಳಿದರೆ ಇವರಿಗೆ ಏನು ಬೇಕಾಗಿದೆಯೋ ಎಂದು ಕಿವಿ ನೆಟ್ಟಗಾಗುತ್ತದೆ. ನಾನು ಪೊಲೀಸ್ ಖಾತೆಯಲ್ಲಿ ಇರಬೇಕಾಗಿತ್ತು ಎಂದು ನಮ್ಮ ಮನೆಯವರು ನಗುತ್ತಿದ್ದರು. ಅವರ ನಗುವಿಗೆ ನಾನೂ ನಗುತ್ತಿದ್ದೆ, ಆದರೆ ಒಳಗೆ ಚುಚ್ಚುತ್ತಿತ್ತು.

ನಾನು ಶಿಗ್ಗಾಂವಿಯಲ್ಲಿ ಹುಟ್ಟಿದವಳು, ಸವಣೂರಿಗೆ ಸೊಸೆಯಾಗಿ ಬಂದೆ. ಆಗ ಸವಣೂರು ನವಾಬರ ಸಂಸ್ಥಾನ. ಸ್ವಲ್ಪ ದೂರ ನಡೆದರೆ ಇಂಗ್ರೇಜಿ ಸರಕಾರದ ಹದ್ದು ಶುರು. ಅಲ್ಲಿ ತಪ್ಪು ಮಾಡಿದವರು ಇಲ್ಲಿ ಬಂದು ಮನೆ ಹಿಡಿಯುತ್ತಾರೆ ಎಂಬ ಮಾತು ನಮ್ಮ ಓಣಿಯಲ್ಲಿತ್ತು. ಹೊಸ ಮುಖ ಕಂಡರೆ ಮೊದಲು ನೀರು ಕೊಡುತ್ತಿದ್ದರು, ಆಮೇಲೆ ಬಾಗಿಲ ಹಿಂದೆ ನಿಂತು ನೋಡುತ್ತಿದ್ದರು. ನಮ್ಮ ಮನೆಯವರದು ವೀಳ್ಯದೆಲೆಯ ವ್ಯಾಪಾರ. ತೋಟದಿಂದ ಎಲೆ ತಂದು, ಬಾಳೆನಾರಿನಿಂದ ಪಿಂಡಿ ಕಟ್ಟಿ, ಹಾನಗಲ್ಲು, ಹಿರೇಕೆರೂರು ಸಂತೆಗಳಿಗೆ ಒಯ್ಯುತ್ತಿದ್ದರು. ಮನೆಯಲ್ಲಿ ನಾವು ಮೂವರೇ: ನಾನು, ಅವರು, ನನ್ನ ಅತ್ತೆ.

ಯುದ್ಧ ಶುರುವಾಗಿ ಚಿಮಣಿ ಎಣ್ಣೆ ಸಿಗದಂತಾದ ವರ್ಷ ಪಕ್ಕದ ಮನೆಗೆ ಒಬ್ಬರು ಬಂದರು. ಐವತ್ತೈದು ಅರವತ್ತರ ನಡುವಿನ ವಯಸ್ಸು, ಒಂಟಿ ಜೀವ. ಎರಡೂ ಮನೆಗಳ ಹಿಂದಿನ ಕೋಣೆಗಳಿಗೆ ಒಂದೇ ಮಣ್ಣಿನ ಗೋಡೆ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ಯವ್ವಾ ಎನ್ನುತ್ತಿದ್ದರು. ಹಿರೇಬೆಂಡಿಗೇರಿಯ ಕಡೆಯವರಂತೆ, ಮುಂಬಯಿಯ ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ಬಂದವರಂತೆ. ಈ ‘ಅಂತೆ’ಗಳನ್ನು ನಾನು ಒಂದು ದಿನವೂ ನಂಬಲಿಲ್ಲ. ಮುಂಬಯಿಯಲ್ಲಿ ಗಳಿಸಿದವರು ಊರಲ್ಲಿ ಹೊಲ ಹಿಡಿಯುವುದು ಬಿಟ್ಟು ಸವಣೂರಿನ ಬಾಡಿಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂಡುತ್ತಾರೆಯೇ?

ಅವರ ಕಿಟಕಿಗೆ ಎಣ್ಣೆ ಸವರಿದ ಕಾಗದ ಅಂಟಿಸಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಮೇಣ ಕಾಯಿಸಿದ ವಾಸನೆ ಗೋಡೆ ದಾಟಿ ನಮ್ಮ ಕೋಣೆಗೆ ಬರುತ್ತಿತ್ತು. ಒಮ್ಮೆ ನಮ್ಮ ಕಟ್ಟೆಯ ಮೇಲೆ ಬಿದ್ದಿದ್ದ ಬಾಳೆನಾರನ್ನು ಕೇಳಿ ಒಯ್ದರು, ಎರಡು ದಿನ ಬಿಟ್ಟು ಇದು ಆಗುವುದಿಲ್ಲ ಎಂದು ವಾಪಸ್ಸು ತಂದಿಟ್ಟರು. ಯಾತಕ್ಕೆ ಆಗುವುದಿಲ್ಲ ಎಂದು ಹೇಳಲಿಲ್ಲ. ನಮ್ಮ ಮನೆಯವರು ಕೇಳಲೂ ಇಲ್ಲ. ಗಂಡಸರಿಗೆ ಕೇಳಬೇಕಾದ್ದು ಹೊಳೆಯುವುದೇ ಕಡಿಮೆ.

ಇಷ್ಟೇ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ... ಆದರೆ ಆಗ ನಾನು ಮೂರನೆಯ ಸಲ ಬಸುರಿ. ಮೊದಲಿನವೆರಡು ನಾಲ್ಕು ತಿಂಗಳಿಗೊಂದು, ಐದಕ್ಕೊಂದು ಇಳಿದುಹೋಗಿದ್ದವು. ತವರಿನಲ್ಲಿ ಅವ್ವ ಇರಲಿಲ್ಲ, ಹೆರಿಗೆಯೂ ಬಾಣಂತನವೂ ಅತ್ತೆಯ ಕೈಯಲ್ಲೇ ಆಗಬೇಕಿತ್ತು. ಈ ಸಲವಾದರೂ ಉಳಿಯಬೇಕು ಎಂಬುದು ಬಿಟ್ಟು ನನ್ನ ತಲೆಯಲ್ಲಿ ಬೇರೆ ವಿಚಾರವೇ ಇರಲಿಲ್ಲ. ಕೂತರೆ ಹೆದರಿಕೆ, ಎದ್ದರೆ ಹೆದರಿಕೆ. ಬೆಕ್ಕು ಅಡ್ಡ ಬಂದರೆ ಒಳಗೆ ಬಂದು ಅಳುತ್ತಿದ್ದೆ.

ಅತ್ತೆಯದು ನೂರೆಂಟು ಕಟ್ಟುಪಾಡು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಕೂದಲಿನದು. ಹಣಿಗೆಯಲ್ಲಿ ಉಳಿದ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ, ಮೂರು ಸಲ ಥೂ ಎಂದು, ಹಿಂದಿನ ಕೋಣೆಯ ಗೋಡೆಯ ಸಂದಿಯಲ್ಲಿ ತುರುಕಬೇಕು. ಗಾಳಿಗೆ ಬಿಡಬಾರದು, ಕಸಕ್ಕೆ ಹಾಕಬಾರದು. ಹೆಂಗಸಿನ ಕೂದಲು, ಅದರಲ್ಲೂ ಬಸುರಿಯದು, ಆಗದವರ ಕೈಗೆ ಸಿಕ್ಕರೆ ಮಾಟಕ್ಕೆ ಬೇರೆ ಏನೂ ಬೇಕಾಗಿಲ್ಲ. ಒಂದು ಗಂಟು ಹಾಕಿದರೆ ಹೊಟ್ಟೆಯಲ್ಲಿನ ಕೂಸಿಗೆ ಅಲ್ಲೇ ಗಂಟು ಬೀಳುತ್ತದೆ. ಇದು ಅತ್ತೆಯೊಬ್ಬರ ಮಾತಲ್ಲ, ನಮ್ಮ ಓಣಿಯ ಎಲ್ಲ ಹೆಂಗಸರೂ ಹಾಗೇ ಮಾಡುತ್ತಿದ್ದರು. ಸಂದಿ ತುಂಬಿದಾಗ ಅತ್ತೆ ಎಲ್ಲವನ್ನೂ ತೆಗೆದು ಹಿತ್ತಲಲ್ಲಿ ಕುಣಿ ತೋಡಿ ಹುಗಿಯುತ್ತಿದ್ದರು.

ನನಗೆ ಐದು ತಿಂಗಳಾಗಿದ್ದಾಗ ಹೊಳೆಯಿತು, ಸಂದಿ ತುಂಬುತ್ತಲೇ ಇಲ್ಲ. ದಿನಾ ನನ್ನದೊಂದು ಉಂಡೆ, ಅತ್ತೆಯದೊಂದು ಉಂಡೆ. ಆದರೂ ಬೆರಳು ಹಾಕಿದರೆ ಖಾಲಿ. ಇಲಿ ಒಯ್ಯುತ್ತಿರಬೇಕು ಎಂದು ಅತ್ತೆ ಅಂದರು. ನನ್ನ ಬುದ್ಧಿ ಇಲಿಗೆ ನಿಲ್ಲಲಿಲ್ಲ. ಮರುದಿನ ಕೂದಲುಂಡೆಯೊಳಗೆ ಅರಿಷಿಣ ಹಚ್ಚಿದ ದಾರದ ತುಣುಕೊಂದನ್ನು ಸುತ್ತಿಟ್ಟೆ. ಎರಡು ದಿನ ಬಿಟ್ಟು ಕಾಕಾನ ಬಾಗಿಲ ಮುಂದಿನ ಕಸದಲ್ಲಿ ಆ ಹಳದಿ ದಾರ ಬಿದ್ದಿತ್ತು. ದಾರ ಎಸೆದಿದ್ದರು, ಕೂದಲು ಇಟ್ಟುಕೊಂಡಿದ್ದರು.

ಆದರೂ ಕಣ್ಣಾರೆ ನೋಡಬೇಕೆಂದು ಹಟ. ಒಂದು ಮಧ್ಯಾಹ್ನ ತಲೆ ಬಾಚಿ, ಉಂಡೆ ತುರುಕಿ, ಹೊರಗೆ ಹೋದವಳಂತೆ ಬಾಗಿಲು ಸಪ್ಪಳ ಮಾಡಿ, ಅಲ್ಲೇ ಜೋಳದ ಚೀಲದ ಮಗ್ಗುಲಲ್ಲಿ ಕೂತೆ. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಗೋಡೆಯೊಳಗೆ ಕೆರೆದ ಸಪ್ಪಳ. ಸಂದಿಯಿಂದ ಒಂದು ತೆಳ್ಳನೆಯ ತಂತಿ ಬಂತು, ತುದಿ ಕೊಕ್ಕೆಯಂತೆ ಬಾಗಿತ್ತು. ಅದು ಅತ್ತ ಇತ್ತ ತಡಕಿ, ಕೂದಲುಂಡೆಗೆ ಸಿಕ್ಕಿಸಿಕೊಂಡು, ನಿಧಾನಕ್ಕೆ ತಿರುಗುತ್ತಾ, ನನ್ನ ತಲೆಯ ಕೂದಲನ್ನು ನನ್ನ ಕಣ್ಣೆದುರೇ ಆಚೆ ಎಳೆದುಕೊಂಡಿತು. ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಹೊಟ್ಟೆಯೊಳಗೆ ಕೂಸು ಒದ್ದಿತು, ಅದು ಹೆದರಿಯೇ ಒದ್ದಿತು ಎಂದು ನನಗೆ ಅನುಮಾನವೇ ಉಳಿಯಲಿಲ್ಲ.

ಅತ್ತೆಗೆ ಹೇಳಿದೆ. ಅವರು ಕೂಗಾಡಲಿಲ್ಲ. ಬೀಸುವ ಕಲ್ಲು ನಿಲ್ಲಿಸಿ ಹಿಟ್ಟಿನ ಕೈ ಒರೆಸಿಕೊಂಡು, ಸಂತೆಯ ದಿನ ಬರಲಿ, ಅವ ಹೊರಗೆ ಹೋದಾಗ ಒಳಗೆ ಹೋಗಿ ನೋಡೋಣ, ಅಲ್ಲಿಯತನಕ ಗಂಡನ ಮುಂದೂ ಬಾಯಿ ಬಿಡಬೇಡ ಎಂದರು. ಆ ನಾಲ್ಕು ದಿನ ನಾನು ತಲೆ ಬಾಚಲಿಲ್ಲ.

ಸಂತೆಯ ದಿನ ಕಾಕಾ ಚೀಲ ಹಿಡಿದು ಹೋದದ್ದೇ ತಡ, ಇಬ್ಬರೂ ಹೋದೆವು. ಬಾಗಿಲಿಗೆ ಬೀಗ ಇರಲಿಲ್ಲ, ಬರೀ ಕೊಂಡಿ. ಹಿಂದಿನ ಕೋಣೆಯಲ್ಲಿ ಉದ್ದನೆಯ ಹಲಗೆಯ ಮೇಲೆ ಧೋತರ ಮುಚ್ಚಿದ ಏನೋ ಇತ್ತು. ಅತ್ತೆ ಧೋತರ ಎಳೆದರು.

ಅದೊಂದು ಹಡಗು. ನಾವಿಬ್ಬರೂ ಹುಟ್ಟಿದಾಗಿನಿಂದ ಕೆರೆಗಿಂತ ದೊಡ್ಡ ನೀರು ನೋಡಿದವರಲ್ಲ. ಆದರೂ ಹಡಗು ಎಂದು ತಿಳಿಯಿತು, ಕ್ಯಾಲೆಂಡರಿನ ಚಿತ್ರದಲ್ಲಿ ಕಂಡಿದ್ದೆವು. ಎರಡು ಮೊಳ ಉದ್ದದ್ದು, ಸಾಗವಾನಿಯದು. ಮಗ್ಗುಲಿಗೆ ಸಾಲಾಗಿ ಸಣ್ಣ ಕಿಂಡಿಗಳು, ಕಿಂಡಿಗೊಂದು ಹಿತ್ತಾಳೆಯ ತೋಪು. ಮೂರು ಹಾಯಿಕಂಬ. ಹಾಯಿ ಇರಲಿಲ್ಲ, ಹಗ್ಗಗಳಷ್ಟೇ ಇದ್ದವು. ಕಂಬದ ತುದಿಯಿಂದ ಮಗ್ಗುಲಿನವರೆಗೆ ಇಳಿದ ಹಗ್ಗಗಳು, ಅವುಗಳಿಗೆ ಅಡ್ಡಡ್ಡ ಕಟ್ಟಿದ ಹಗ್ಗದ ಮೆಟ್ಟಿಲುಗಳು, ಒಂದೊಂದು ಮೆಟ್ಟಿಲು ಒಂದೊಂದು ಹಗ್ಗವನ್ನು ದಾಟುವಲ್ಲಿ ಒಂದೊಂದು ಗಂಟು. ಎಷ್ಟು ನೂರು ಗಂಟೋ. ನಾನು ಬಾಗಿ ನೋಡಿದೆ. ಹಗ್ಗಗಳೆಲ್ಲ ಕೂದಲು.

ಕರಿಯ ಹಗ್ಗಗಳೆಲ್ಲ ನನ್ನವು. ನಡುವೆ ಓಡಾಡುವ ನರೆತ ಹಗ್ಗಗಳು ಅತ್ತೆಯವು. ಕಂಬದ ಹಗ್ಗಗಳ ಬುಡದಲ್ಲಿ ಪುಟ್ಟ ಬಿಲ್ಲೆಗಳನ್ನು ಸಾಲಾಗಿ ಕಟ್ಟಿತ್ತು. ಬಿಲ್ಲೆಗೆ ಮೂರು ತೂತು, ಮೇಲೆ ಎರಡು, ಕೆಳಗೊಂದು. ಎರಡು ಕಣ್ಣು, ಒಂದು ಬಾಯಿ. ನನ್ನ ಕೂದಲಿಗೆ ತಲೆಬುರುಡೆ ಪೋಣಿಸಿದ್ದಾರೆ ಎಂದೇ ಇಬ್ಬರಿಗೂ ಕಂಡಿತು. ಮಾಟ ಹೇಗಿರುತ್ತದೆ ಎಂದು ಯಾರೂ ನಮಗೆ ತೋರಿಸಿರಲಿಲ್ಲ, ಇದನ್ನು ನೋಡಿದ ಮೇಲೆ ತೋರಿಸುವುದು ಬೇಕಾಗಿರಲಿಲ್ಲ.

ಕಾಕಾ ಬಂದು ಹೊಸ್ತಿಲಲ್ಲಿ ನಿಂತದ್ದು ನಮಗೆ ತಿಳಿಯಲೇ ಇಲ್ಲ. ಕನ್ನಡಕ ಮರೆತು ಹೋಗಿದ್ದರಂತೆ. ಸಿಟ್ಟಾಗಲಿಲ್ಲ. ಧೋತರ ಎತ್ತಿಕೊಂಡು ಮಡಚುತ್ತಾ ಹೇಳತೊಡಗಿದರು. ಮುಂಬಯಿಯಲ್ಲಿ ಅವರದು ಹಡಗಿನ ನಮೂನೆ ಮಾಡುವ ಕೆಲಸ. ನೂರು ವರ್ಷದ ಹಿಂದೆ ಅಲ್ಲಿ ಸಾಗವಾನಿಯಿಂದ ಕಟ್ಟಿದ ಒಂದು ಯುದ್ಧದ ಹಡಗಿಗೆ ಅವರ ಮುತ್ತಜ್ಜ ಹಗ್ಗ ಹೊಸೆದಿದ್ದರು. ಆ ಹಡಗು ಎಂದೋ ಮುರಿದುಹೋಗಿತ್ತು, ನಕಾಶೆ ಉಳಿದಿತ್ತು. ಬಡಿಗರ ಹೆಸರು ಎಲ್ಲೋ ಬರೆದಿಟ್ಟಿದ್ದಾರೆ, ಹಗ್ಗ ಹೊಸೆದವರದು ಎಲ್ಲೂ ಇಲ್ಲ. ಕಣ್ಣಿಗೆ ಪೊರೆ ಬರುತ್ತಿದೆ, ಪೂರ್ತಿ ಮುಚ್ಚುವುದರೊಳಗೆ ಒಂದು ಹಗ್ಗವೂ ತಪ್ಪದಂತೆ ಆ ಹಡಗನ್ನು ಮುಗಿಸಬೇಕು ಎಂದು ಗದ್ದಲವಿಲ್ಲದ ಊರು ಹುಡುಕಿ ಬಂದಿದ್ದರು. ಬೆರಳು ದಪ್ಪದ ಹಗ್ಗ ಈ ಅಳತೆಗೆ ಕೂದಲಾಗಬೇಕು. ನೂಲಿಗೆ ಜುಂಗು ಏಳುತ್ತದೆ, ರೇಷ್ಮೆ ಜೋಲುತ್ತದೆ, ಬಾಳೆನಾರು ಸೀಳುತ್ತದೆ. ಮಾರುವ ಚೌರಿಯ ಕೂದಲು ಒಣಗಿ ತುಂಡಾಗುತ್ತದೆ. ಎಣ್ಣೆ ಉಂಡ ಹೊಸ ಕೂದಲಿಗೆ ಮೇಣ ಸವರಿದರೆ ಮಾತ್ರ ಗಂಟು ಕೂಡುತ್ತದೆ. ಕಂಬವನ್ನು ಬಿಗಿದು ಹಿಡಿಯುವ ನಿಂತ ಹಗ್ಗಕ್ಕೆ ಡಾಂಬರಿನ ಕಪ್ಪು ಬೇಕು, ಹಾಯಿ ಏರಿಸಿ ಇಳಿಸುವ ಓಡುವ ಹಗ್ಗಕ್ಕೆ ಬಿಳುಪು ಬೇಕು, ಎರಡೂ ಈ ಒಂದೇ ಸಂದಿಯಲ್ಲಿ ಸಿಕ್ಕವು. ನಮಗೆ ತಲೆಬುರುಡೆಯಾಗಿ ಕಂಡ ಬಿಲ್ಲೆಗಳು ಕಂಬದ ಹಗ್ಗ ಪೋಣಿಸಿ ಬಿಗಿಯಲಿಕ್ಕಂತೆ.

ಇಷ್ಟೆಲ್ಲ ಕೇಳಿ ಅತ್ತೆ, ಕೇಳಿ ತಗೊಳ್ಳಲಿಕ್ಕೆ ಏನಾಗಿತ್ತು ಎಂದರು.

“ಕೇಳಿದ್ರ ಕೊಡ್ತಿದ್ರೇನ್ರಿ ಅಕ್ಕಾರ?”

ಕೊಡುತ್ತಿರಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಸೊಸೆಯ ಕೂದಲನ್ನು ಬಿಚ್ಚಿ ಕೊಟ್ಟುಬಿಡಿ ಎಂದರು ಅತ್ತೆ. ಕಾಕಾ ಒಂದು ಹಗ್ಗವನ್ನು ಬೆರಳ ತುದಿಯಿಂದ ಸವರಿದರು. ಬಿಚ್ಚಬಹುದು, ಆದರೆ ಮತ್ತೆ ಕಟ್ಟಲು ಕಣ್ಣು ಉಳಿಯುವುದಿಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

“ಯವ್ವಾ, ಇಷ್ಟು ಗಂಟಿನಾಗ ಒಂದೂ ನಿನಗ ಕೇಡ ಬಯಸಿ ಹಾಕಿದ್ದಲ್ಲ.”

ನಾನು ನಂಬಲಿಲ್ಲ. ಇಷ್ಟು ನಯವಾಗಿ ಮಾತಾಡುವವರು ಸುಮ್ಮನೆ ಮಾತಾಡುವುದಿಲ್ಲ ಎಂದೇ ಅನಿಸಿತು. ನಮ್ಮ ಮನೆಯವರು ಸಂಜೆ ಬಂದು ಎಲ್ಲ ಕೇಳಿ, ತಾವೇ ಹೋಗಿ ಹಡಗು ನೋಡಿ ಬಂದು, ಪಾಪ, ಅವರಿಗೆ ಅದೊಂದು ಹುಚ್ಚು, ಬಿಟ್ಟುಬಿಡಿ ಎಂದರು. ಅತ್ತೆ ಮಣ್ಣು ಕಲೆಸಿ ಸಂದಿ ಮುಚ್ಚಿದರು. ಕಾಕಾ ಇನ್ನು ಕೂದಲು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟರು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಗೊಡದವಳು ನಾನು. ಮರುದಿನ ಬಾವಿಯ ಕಟ್ಟೆಯ ಮೇಲೆ ಹೇಳಿದೆ, ಕೊಕ್ಕೆಯಿಂದ ಹಿಡಿದು ತಲೆಬುರುಡೆಯವರೆಗೆ. ಹಡಗು ಎಂಬ ಮಾತನ್ನು ಕೊನೆಗೆ ಹೇಳಿದೆ, ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಮೊದಲು ಕಾಕಾನಿಗೆ ಮಜ್ಜಿಗೆ ಕೊಡುತ್ತಿದ್ದವರು ಎಮ್ಮೆ ಬತ್ತಿದೆ ಎಂದರು. ಆಮೇಲೆ ರೊಟ್ಟಿ ಬಡಿದುಕೊಡುವ ಮುದುಕಿ ಬಿಟ್ಟಳು. ಕ್ಷೌರದವನು ಓಣಿಗೆ ಬಂದರೂ ಅವರ ಬಾಗಿಲು ದಾಟಿಕೊಂಡೇ ಹೋದ. ಹೆಂಗಸರು ಅವರ ಮನೆಯ ಮುಂದೆ ಹಾಯುವಾಗ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. ಕಾಕಾ ತಾವೇ ರೊಟ್ಟಿ ಬಡಿಯುವುದು, ಸುಡುವುದು, ಕೆಮ್ಮುವುದು ಗೋಡೆಯಾಚೆ ಕೇಳುತ್ತಿತ್ತು. ನನಗೆ ಸಮಾಧಾನವಾಗುವ ಬದಲು ಇನ್ನೂ ಹೆದರಿಕೆಯಾಯಿತು. ಇಷ್ಟಾದ ಮೇಲೆ ನಮ್ಮ ಮೇಲೆ ಹಗೆ ಸಾಧಿಸದೆ ಬಿಟ್ಟಾರೆಯೇ, ಕೂದಲಂತೂ ಅವರ ಕೈಯಲ್ಲೇ ಇದೆ, ಗಂಟು ಬಿದ್ದು...

ತಿಂಗಳು ತುಂಬಿತು. ನಮ್ಮ ಮನೆಯವರು ಹಿಂದಿನ ದಿನವಷ್ಟೇ ಹಿರೇಕೆರೂರು ಸಂತೆಗೆ ಹೋಗಿದ್ದರು. ಬೆಳಗಾಗುತ್ತಲೇ ಬೇನೆ ಶುರುವಾಯಿತು. ಅದೇ ಹಿಂದಿನ ಕೋಣೆಯಲ್ಲಿ ಹಾಸಿದರು. ಸೂಲಗಿತ್ತಿ ಬಂದಳು. ಹೊತ್ತು ಏರಿ ನೆತ್ತಿಯ ಮೇಲೆ ಬಂದರೂ ಕೂಸು ಬರಲಿಲ್ಲ. ಮನೆಯಲ್ಲಿನ ಗಂಟೆಲ್ಲ ಬಿಚ್ಚಲು ಸೂಲಗಿತ್ತಿ ಹೇಳಿದಳು, ನಮ್ಮ ಕಡೆ ಹೆರಿಗೆ ಕಷ್ಟವಾದರೆ ಹಾಗೆ ಮಾಡುವುದು ರೂಢಿ. ಅತ್ತೆ ನನ್ನ ಜಡೆ ಬಿಚ್ಚಿದರು, ತೊಟ್ಟಿಲ ಹಗ್ಗ ಬಿಚ್ಚಿದರು, ಜೋಳದ ಚೀಲದ ಬಾಯಿ ಬಿಚ್ಚಿದರು, ಟ್ರಂಕಿನ ಬೀಗ ತೆಗೆದರು, ಎಲೆಯ ಪಿಂಡಿಗಳ ನಾರು ಕೂಡ ಬಿಚ್ಚಿದರು, ಎಲೆಗಳು ಪಡಸಾಲೆಯ ತುಂಬ ಹರಡಿದವು. ಇನ್ನೂ ಎಲ್ಲಾದರೂ ಗಂಟು ಉಳಿದಿದೆಯೇ ಎಂದು ಸೂಲಗಿತ್ತಿ ಕೇಳಿದಳು. ಅತ್ತೆ ಗೋಡೆಯ ಕಡೆ ನೋಡಿದರು. ನಾನೂ ನೋಡಿದೆ.

ಅತ್ತೆ ಕುಡುಗೋಲಿನ ಮೊನೆಯಿಂದ ತಾವೇ ಮುಚ್ಚಿದ್ದ ಮಣ್ಣನ್ನು ಕೆಡವಿದರು. ಅವಸರಕ್ಕೆ ಸಂದಿ ಮೊದಲಿಗಿಂತ ಅಗಲವಾಯಿತು. ಅದಕ್ಕೆ ಬಾಯಿ ಇಟ್ಟು ಮಾತಾಡಿದರು. ಮೂರು ನಾಲ್ಕು ತಿಂಗಳಿನಿಂದ ಅವರ ಹೆಸರಿಗೆ ನೆಲಕ್ಕೆ ಉಗುಳುತ್ತಿದ್ದವರು.

“ಸೊಸಿ ಉಳಿಯೂದು ಕಾಣವಲ್ದಪಾ. ನಿನ್ನ ಕಾಲ ಬೀಳ್ತೇನಿ, ಆ ಗಂಟೆಲ್ಲಾ ಬಿಚ್ಚು. ಕತ್ತರಿ ಹಚ್ಚಬ್ಯಾಡ, ಬಿಚ್ಚು. ನಾ ಸಾಕು ಅನ್ನೂತನಾ ಬಿಚ್ಚು.”

ಆಚೆ ಹಡಗಿನ ಮೇಲಿನ ಧೋತರ ಎಳೆದ ಸಪ್ಪಳವಾಯಿತು. ಆಮೇಲೆ “ಆತ್ರಿ” ಎಂದರು, ಅಷ್ಟೇ.

ಆ ಮಧ್ಯಾಹ್ನ ನನ್ನ ಕಿವಿಯಲ್ಲಿ ಇನ್ನೂ ಇದೆ. ಸೂಜಿಯ ಮೊನೆ ಮೇಣ ಕೆರೆಯುವ ಸಪ್ಪಳ. ಆಗಾಗ ಒಂದು ಬಿಲ್ಲೆ ಕಳಚಿ ಹಲಗೆಯ ಮೇಲೆ ಬಿದ್ದು ಟಿಕ್ ಎನ್ನುವುದು. ಕತ್ತರಿ ಹಚ್ಚಿದ್ದರೆ ಗಳಿಗೆಯಲ್ಲಿ ಮುಗಿಯುತ್ತಿತ್ತು, ನಮಗೆ ತಿಳಿಯುತ್ತಲೂ ಇರಲಿಲ್ಲ. ಹಚ್ಚಲಿಲ್ಲ. ಹಾಕಿದ ಗಂಟನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. ಬೇನೆ ಬಂದಾಗ ನನಗೆ ಏನೂ ಕೇಳುತ್ತಿರಲಿಲ್ಲ, ಇಳಿದಾಗ ಮತ್ತೆ ಟಿಕ್... ನಾನು ಆ ಸಪ್ಪಳಕ್ಕೇ ಕಾಯತೊಡಗಿದೆ.

ಹೊತ್ತು ವಾಲುವ ಮೊದಲು ನನ್ನ ಮಗಳು ಹುಟ್ಟಿದಳು. ನೀಲಿಯಾಗಿದ್ದಳು, ಸೂಲಗಿತ್ತಿ ಕಾಲು ಹಿಡಿದು ತಟ್ಟಿದ ಮೇಲೆ ಅತ್ತಳು. ಅತ್ತೆ ಅಳುತ್ತಾ ನಗುತ್ತಾ ಕೂಸನ್ನು ಎತ್ತಿಕೊಂಡು ಬಚ್ಚಲಿಗೆ ಓಡಿದರು, ನನಗೆ ಬೇಕಾದ್ದನ್ನೆಲ್ಲ ಮುಗಿಸಿ ಸೂಲಗಿತ್ತಿಯೂ ಬಿಸಿನೀರಿಗೆಂದು ಹಿಂದೆ ಹೋದಳು. ಕೋಣೆಯಲ್ಲಿ ನಾನೊಬ್ಬಳೇ. ಗೋಡೆಯಾಚೆ ಸೂಜಿಯ ಸಪ್ಪಳ ನಿಂತಿತು.

“ಅಕ್ಕಾರ, ಕೂಸ ಅತ್ತಂಗಾತು. ಸಾಕೇನ್ರಿ?”

ಬಚ್ಚಲಲ್ಲಿ ನೀರಿನ ಗದ್ದಲ. ಅತ್ತೆಗೆ ಕೇಳುವಂತಿರಲಿಲ್ಲ. ಸ್ವಲ್ಪ ತಡೆದು ಮತ್ತೆ, ಈ ಸಲ ಸಂದಿಗೆ ಇನ್ನೂ ಹತ್ತಿರದಿಂದ, ಮೆಲ್ಲಗೆ:

“ಯವ್ವಾ... ಎರಡ ಕಂಬದ್ದು ಇನ್ನೂ ಹಂಗ ಅದಾವು. ನಿಲ್ಲಸ್ಲ್ಯಾ?”

ನನಗೆ ಎಚ್ಚರವಿತ್ತು. ಬಾಯಲ್ಲಿ ಮಾತಿತ್ತು. ಆದರೆ ನನ್ನ ತಲೆ ಲೆಕ್ಕ ಹಾಕುತ್ತಿತ್ತು: ಒಂದು ಕಂಬ ಬಿಚ್ಚಿದ್ದಕ್ಕೆ ಕೂಸು ಬಂತು ಎಂದಾದರೆ, ಉಳಿದ ಎರಡು ಕಂಬದ ಗಂಟು ಯಾತಕ್ಕೆ ಬಿದ್ದಿದೆಯೋ? ಐದನೆಯ ದಿನಕ್ಕೋ, ಹತ್ತನೆಯ ದಿನಕ್ಕೋ, ಕೂಸಿನ ಉಸಿರಿಗೋ? ನನ್ನ ಕೂದಲಿನ ಒಂದು ಗಂಟೂ ಆ ಮನೆಯಲ್ಲಿ ಉಳಿಯುವುದು ನನಗೆ ಬೇಡವಾಗಿತ್ತು. ನಾನು ಮುಖವನ್ನು ಸಂದಿಯ ಕಡೆಯಿಂದ ಎದುರಿನ ಗೋಡೆಗೆ ತಿರುಗಿಸಿದೆ. ಕಾಕಾ ಮೂರನೆಯ ಸಲ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಸೂಜಿಯ ಸಪ್ಪಳ ಮತ್ತೆ ಶುರುವಾಯಿತು. ಹೊತ್ತು ಮುಳುಗುವವರೆಗೂ ನಡೆದೇ ಇತ್ತು.

ಐದನೆಯ ದಿನ ಕಾಕಾ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಕಾಗದದ ಪೊಟ್ಟಣ. ಅದರಲ್ಲಿ ಕೂದಲನ್ನೆಲ್ಲ ನೇರ ಮಾಡಿ, ಕರಿಯದು ಬೇರೆ, ನರೆತದ್ದು ಬೇರೆ, ಎರಡು ಸಿವುಡು ಮಾಡಿ ಇಟ್ಟಿದ್ದರು. ಮೂರೂ ಕಂಬ ಬಿಚ್ಚಿದರೇ ಎಂದು ಅತ್ತೆ ಕೇಳಿದರು. ಹೌದೆಂದರು. ಅತ್ತೆ ಹಣೆ ಹಣೆ ಬಡಿದುಕೊಂಡು, ಸಾಕು ಅನ್ನುವುದನ್ನು ನಾನು ಮರೆತೆನಲ್ಲ, ಕೂಸಿನ ಸಂಭ್ರಮದಲ್ಲಿ ಮರೆತೇಬಿಟ್ಟೆನಲ್ಲ ಎಂದು ಅತ್ತರು. ನಾನು ಒಳಗಿನಿಂದ ಕೇಳುತ್ತಿದ್ದೆ. ಕಾಕಾ ಹೇಳಿದ್ದೂ ಕೇಳಿತು.

“ಇರ್ಲಿ ಬಿಡ್ರಿ ಅಕ್ಕಾರ. ಕೇಳಿದ್ನಿ ನಾ. ನಿಮ್ಮ ಸೊಸಿಗೆ ನಿದ್ದಿ ಹತ್ತಿತ್ತು.”

ಒಳಗೆ ಬರ್ರಿ ಎಂದು ಅತ್ತೆ ಕರೆದರೂ ಬರಲಿಲ್ಲ. ಅವರ ಕಣ್ಣುಗಳು ಆಗಲೇ ನೀರಾಡುತ್ತಿದ್ದವು, ಹೊಸ್ತಿಲನ್ನು ಕಾಲಿನಿಂದ ತಡಕಿ ಇಳಿದರು. ಅತ್ತೆ ಕೂದಲನ್ನು ಹುಗಿಯಲು ತೆಗೆದಾಗ ಕರಿಯ ಸಿವುಡಿನಲ್ಲಿ ಒಂದು ಬಿಲ್ಲೆ ಸಿಕ್ಕಿಕೊಂಡಿತ್ತು. ನಾನು ಅದನ್ನು ಯಾರಿಗೂ ಕಾಣದಂತೆ ತೆಗೆದು ಕುಂಕುಮದ ಭರಣಿಯ ಮೇಣದಲ್ಲಿ ಒತ್ತಿದೆ. ಯಾಕೆ ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಒಂದಾದರೂ ನನ್ನ ಕೈಯಲ್ಲಿರಲಿ, ಮುಂದೆ ಏನಾದರೂ ಆದರೆ ಸಾಕ್ಷಿಗೆ ಬೇಕಾದೀತು ಎಂದೇ ಇರಬೇಕು.

ಕಾಕಾ ತಮ್ಮ ಹಡಗನ್ನೇ ಬಿಚ್ಚಿದ ಸುದ್ದಿ ಕೇಳಿ ಓಣಿಯವರ ಮನಸ್ಸು ತಿರುಗಿತು. ಮಜ್ಜಿಗೆ ಕೊಡುವವರು ಕೊಟ್ಟರು, ಮುದುಕಿ ರೊಟ್ಟಿ ಬಡಿದಳು. ನಾನು ದಿನಾ ತಲೆ ಬಾಚಿ ಕೂದಲುಂಡೆಯನ್ನು ಸಂದಿಯಲ್ಲಿ ಇಡತೊಡಗಿದೆ, ಥೂ ಎನ್ನದೆ. ಅತ್ತೆಯೂ ತಮ್ಮದನ್ನು ಇಟ್ಟರು. ಕೊಕ್ಕೆ ಮತ್ತೆ ಬರಲಿಲ್ಲ. ಸಂದಿ ತುಂಬಿ ಹೊರಗೆ ಉಕ್ಕಿತು.

ಮಗಳು ಅಂಬೆಗಾಲಿಡುವ ಹೊತ್ತಿಗೆ ಕಾಕಾ ಮನೆ ಬಿಟ್ಟು ಹಾನಗಲ್ಲಿನಲ್ಲಿದ್ದ ತಂಗಿಯ ಮನೆಗೆ ಹೋದರು. ಬರಿಯ ಹಡಗನ್ನು ಧೋತರದಲ್ಲಿ ಸುತ್ತಿ, ಚಕ್ಕಡಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಮರುವರ್ಷ ನಮ್ಮ ಮನೆಯವರು ಹಾನಗಲ್ಲು ಸಂತೆಗೆ ಹೋದಾಗ ಕಂಡು ಬಂದರು. ಕಣ್ಣು ಪೂರ್ತಿ ಹೋಗಿತ್ತಂತೆ. ಹಡಗು ಮಗ್ಗುಲಲ್ಲೇ ಇತ್ತಂತೆ, ಕಂಬಗಳನ್ನು ಕೈಯಿಂದ ಸವರುತ್ತಾ ಎಲ್ಲೆಲ್ಲಿ ಯಾವ ಹಗ್ಗ ಬರಬೇಕು ಎಂದು ಹೇಳಿದರಂತೆ. ಬೇರೆ ಏನು ಕೇಳಿದರು ಎಂದೆ. ಕೂಸು ಹೇಗಿದೆ ಎಂದು ಕೇಳಿದರು, ನಡೆಯುತ್ತಾಳೆ ಎಂದದ್ದಕ್ಕೆ ನಕ್ಕರು ಎಂದರು. ಅದಾದ ಮೇಲಿನ ಮಳೆಗಾಲದಲ್ಲಿ ತೀರಿಕೊಂಡರೆಂಬ ಸುದ್ದಿ, ಅದೂ ತಿಂಗಳ ನಂತರ, ಎಲೆಯ ಗಿರಾಕಿಯೊಬ್ಬರ ಬಾಯಿಂದ ಬಂತು. ಹಡಗು ಏನಾಯಿತು ಎಂದು ಯಾರನ್ನೂ ಕೇಳುವ ಧೈರ್ಯ ನನಗಾಗಲಿಲ್ಲ.

ಅತ್ತೆ ಸಾಯುವವರೆಗೂ ಆ ‘ಸಾಕು’ ತಮ್ಮ ತಪ್ಪೆಂದೇ ನಂಬಿದ್ದರು. ಕೊನೆಗಾಲದಲ್ಲಿ ಜ್ವರದ ನಡುವೆಯೂ, ನಾನು ಮರೆತೆ, ಅವನ ಹಡಗು ಹೋಯಿತು ಎಂದು ಬಡಬಡಿಸುತ್ತಿದ್ದರು. ನಾನು ಅವರ ಕಾಲು ಒತ್ತುತ್ತಾ ಕೂತಿದ್ದೆ. ಆಗಲೂ ಹೇಳಲಿಲ್ಲ.

ನನ್ನ ಹುಟ್ಟುಗುಣ ಈಗ ನನ್ನ ಮೇಲೆಯೇ ತಿರುಗಿದೆ. ನಿದ್ದಿ ಹತ್ತಿತ್ತು ಎಂದರಲ್ಲ ಕಾಕಾ, ಅವರು ಹಾಗೆ ತಿಳಿದಿದ್ದರೋ, ಅಥವಾ... ಆ ದಿನ ಸಂದಿ ಅಗಲವಾಗಿತ್ತು. ಎರಡನೆಯ ಸಲ ಕೇಳುವಾಗ ಅವರು ಅದಕ್ಕೆ ಹತ್ತಿರ ಬಂದಿದ್ದರು. ನಾನು ಮುಖ ತಿರುಗಿಸಿದ್ದು ಆಮೇಲೆ. ಐವತ್ತು ವರ್ಷದಿಂದ ಆ ಒಂದು ಗಳಿಗೆಯನ್ನು ತಿರುವಿ ಹಾಕುತ್ತಿದ್ದೇನೆ. ಆ ಮಸುಕು ಕಣ್ಣಿಗೆ ನನ್ನ ತೆರೆದ ಕಣ್ಣು ಕಂಡಿತ್ತೋ ಇಲ್ಲವೋ, ಇನ್ನೂ ತೀರ್ಮಾನವಾಗಿಲ್ಲ.

ಈಗ ಕೈ ಮೇಲೆತ್ತಲು ಬಾರದ್ದರಿಂದ ಮಗಳೇ ನನ್ನ ತಲೆ ಬಾಚುತ್ತಾಳೆ. ನಿನ್ನೆ ಹಣಿಗೆಯಲ್ಲಿ ಬಂದ ಕೂದಲನ್ನು ಅವಳು ಕಸದ ಬುಟ್ಟಿಗೆ ಹಾಕಹೋದಳು. ಕೊಡು ಎಂದು ಇಸಿದುಕೊಂಡೆ. ಬೆಳ್ಳಗಿನ ಕೂದಲು, ಓಡುವ ಹಗ್ಗಕ್ಕೆ ಬೇಕಾದಂಥದು. ಬೆರಳಿಗೆ ಸುತ್ತಿ ಉಂಡೆ ಮಾಡಿದೆ. ಇಡೋಣವೆಂದರೆ ಸಿಮೆಂಟಿನ ಗೋಡೆಯಲ್ಲಿ ಒಂದು ಸಂದಿಯೂ ಇಲ್ಲ. ಮಗಳು ಮತ್ತೆ ಕೇಳಿದಳು, ಅವತ್ತಿನದು ಗುಂಡಿ ಅಲ್ಲ ತಾನೇ ಎಂದು. ಅವಳಿಗೂ ನನ್ನ ಗುಣವೇ ಬಂದಿದೆ. ಕೂಡು ಎಂದು ಪಕ್ಕಕ್ಕೆ ಕೂಡಿಸಿಕೊಂಡೆ, ಬಿಲ್ಲೆಯನ್ನು ಅವಳ ಅಂಗೈಗೆ ಹಾಕಿದೆ, ಇಲ್ಲಿ ಬರೆದಿದ್ದನ್ನೆಲ್ಲ ಮೊದಲು ಅವಳಿಗೆ ಹೇಳಿದೆ. ‘ಸಾಕ್ರಿ ಕಾಕಾ’ ಎನ್ನಲು ಒಂದು ಉಸಿರು ಸಾಕಾಗಿತ್ತು, ಆ ಉಸಿರು ನನ್ನಲ್ಲಿತ್ತು ಎಂದೂ ಹೇಳಿದೆ.